ಏನಾಗಬೇಕು

ಮುಂಜಾನೆ ಅಕ್ಕಲಕೋಟೆಯ ಬಸ್ಸು ತಂದ ಮರಾಠಿ ಪೇಪರಿನಲ್ಲಿ
ನಾಲ್ಕು ಹೆಸರು, ಕಂಸದಲ್ಲಿ ವಯಸ್ಸು.
ಕೆಳಗೆ ಟಾವೆಲ್ ಕಾರಖಾನೆ, ಮೇಲೆ ಮನೆ, ಇಳಿಯಲು ಒಂದೇ ಮೆಟ್ಟಿಲು,
ರಾತ್ರಿ ಮೂರರ ಸುಮಾರು.

"ತೋಳನೂರೆ ಅಂದರ ನಿಮ್ಮ ಕಡೆಯವರಲ್ಲೇನ?
ನಿನಗ ಏನಾಗಬೇಕು ಅವರು?"
ಚಾ ಕಪ್ಪು ಕೆಳಗಿಟ್ಟು ಕೇಳಿದರು ಇವರು.

ಬೆರಳು ಮಡಚಿದೆ:
ನಮ್ಮವ್ವನ ಸೋದರತ್ತಿ, ಆಕೆಯ ಮೈದುನ,
ಅವನ ಎರಡನೆಯ ಹೆಂಡತಿಯ ಮಗ ರೇವಪ್ಪ.
ಬೆರಳು ಮಡಚಿದ್ದಷ್ಟೇ. ಸಂಬಂಧಕ್ಕೊಂದು ಹೆಸರು ಸಿಗಲಿಲ್ಲ.
ಕಾಕಾ ಅಂತ ಕರೆದಿರಬೇಕು. ಕರೆದ ನೆನಪಿಲ್ಲ.

ಕಂಡದ್ದು ಮೂರು ಸಲ.
ಒಮ್ಮೆ ನಮ್ಮ ಲಗ್ನದಲ್ಲಿ.
ಒಮ್ಮೆ ಸಿವಿಲ್ ಆಸ್ಪತ್ರೆಯಲ್ಲಿ, ಔಷಧಿಯ ಸಾಲಿನಲ್ಲಿ.
ನನ್ನ ಕೈಯ ಚೀಟಿ ಕಸಿದುಕೊಂಡು ತಾನೇ ನಿಂತ,
"ನೀ ಹೋಗಿ ಕೂಡವಾ, ಕೂಸು ಅಳತದ" ಅಂದ.
ಆ ಕೂಸು ಈಗ ಕಾಲೇಜಿಗೆ ಹೋಗುತ್ತದೆ.
ಮೂರನೆಯದು ನೆನಪಾಗುತ್ತಿಲ್ಲ, ಆದರೂ ಮೂರೇ.

ಅವನ ಹೆಂಡತಿ ಗೌರಾಬಾಯಿಯನ್ನು ನೆನೆದರೆ
ಬೇರೆ ಯಾರದೋ ಮುಖ ಬರುತ್ತದೆ.
ಅಳುವುದಕ್ಕೆ ಒಂದು ಮುಖವಾದರೂ ಸರಿಯಾಗಿ ಬೇಕಲ್ಲ.
ಕೊನೆಯ ಹೆಸರು ಓಂಕಾರ, ಹದಿನಾಲ್ಕು.
ಹೀಗೊಬ್ಬ ಇದ್ದ ಎಂದು
ಇಲ್ಲ ಎಂದಾಗ ತಿಳಿಯಿತು.

ಟ್ರಂಕಿನಿಂದ ಆಯೇರಿ ವಹಿ ತೆಗೆದೆ.
ಹತ್ತೊಂಬತ್ತು ವರ್ಷದ ಹಿಂದಿನ ಗುರುಬಸು ಮಾಸ್ತರರ ಅಕ್ಷರ,
ಮೈಕಿನಲ್ಲಿ ಕೂಗುತ್ತ ಬರೆದದ್ದು, ಅಲ್ಲಲ್ಲಿ ಅರಿಷಿಣದ ಬೆರಳು.
ಪುಟ ಹನ್ನೊಂದು:
ರೇವಪ್ಪ ಮಡಿವಾಳಪ್ಪ ತೋಳನೂರೆ, ಸೊಲ್ಲಾಪುರ.
ಸ್ಟೀಲ್ ಡಬರಿ ಒಂದು, ಟಾವೆಲ್ ಆರು, ನಗದು ಐವತ್ತೊಂದು.
ಅದರ ಮುಂದಿನ ಮನೆ ಖಾಲಿ.
ತಿರುಗಿ ಮಾಡಿದ್ದನ್ನು ಬರೆಯುವ ಮನೆ ಅದು.

ಮಗಳು ಪ್ರಾಜಕ್ತಾಳ ಲಗ್ನ ವೈಶಾಖದಲ್ಲಿ ಎಂದು ಕೇಳಿದ್ದೆ.
ಆಗ ತೀರಿಸಿದರಾಯಿತು ಎಂದು
ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದೆ.
ಪೇಪರಿನಲ್ಲಿ ಅವಳ ಹೆಸರಿನ ಮುಂದೆ ಇಪ್ಪತ್ತಮೂರು.

ನಮ್ಮಲ್ಲಿ ಹೆಣ ಸುಡುವುದಿಲ್ಲ.
ಮೈ ತೊಳೆದು, ವಿಭೂತಿ ಹಚ್ಚಿ,
ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಕೊಡುತ್ತೇವೆ,
ಬರುವವರಿಗಾಗಿ ಮನೆಯೊಳಗೆ ಕಾದು ಕೂತ ಹಾಗೆ.
ಮಧ್ಯಾಹ್ನ ರುದ್ರಭೂಮಿಯಲ್ಲಿ ನಾಲ್ಕು ಕುಣಿ.
ಅಗೆದವರು ರೂಢಿಯಂತೆ ಆಳವಾಗಿಯೇ ಅಗೆದಿದ್ದರು,
ಕೂರಲು ಗೂಡು ಬಿಟ್ಟು.
ಸ್ವಾಮಿಗಳು ಬಿಳಿ ಬಟ್ಟೆಯ ಗಂಟುಗಳನ್ನು ನೋಡಿದರು,
ಕುಣಿಗಳನ್ನು ನೋಡಿದರು.
ಕೂರಿಸಿರಿ ಎನ್ನಲಿಲ್ಲ.

ಅವನ ಓಣಿಯಲ್ಲಿ ಅಂದು ಎಲ್ಲ ಮಗ್ಗಗಳೂ ನಿಂತಿದ್ದವು.
ಗದ್ದಲಕ್ಕೆ ಒಗ್ಗಿದ ಜನ
ಸಣ್ಣಗೆ ಮಾತಾಡಲು ಬಾರದೆ ಕೂಗಿಯೇ ಕೇಳಿದರು:
"ನೀವು ಏನಾಗಬೇಕ್ರಿ ಅವರಿಗೆ?"
"ಮೈಂದರ್ಗಿಯವರು" ಎಂದೆ.

ಎದುರು ಮನೆಯ ಪದ್ಮಸಾಲಿ ಮುದುಕಿ
ಬೀಡಿ ಸುತ್ತುವ ಮೊರ ಬದಿಗಿಟ್ಟು ಬಂದು
ತೆಲುಗಿನಲ್ಲಿ ಏನೋ ಅಂದು ನನ್ನನ್ನು ಅಪ್ಪಿಕೊಂಡಳು.
ನನಗಿಂತ ಹೆಚ್ಚು ಅತ್ತಳು. ದಿನಾ ಕಂಡವಳು ಅವಳು.
ಹೊಟ್ಟೆಕಿಚ್ಚು ಎಂಬ ಮಾತು
ಆ ಓಣಿಯಲ್ಲಿ ನೆನಪಾಗಬಾರದಿತ್ತು,
ಆದರೆ ನನಗೆ ಆದದ್ದು ಅದೇ.

ರೇವಪ್ಪನ ಮನೆಯಲ್ಲೂ ಒಂದು ವಹಿ ಇದ್ದಿರಬೇಕಲ್ಲ,
ಯಾರು ಯಾರಿಗೆ ಬಾಕಿ ಎಂದು.
ಅದೂ ಹೋಯಿತು.
ಈಗ ನನ್ನ ಬಾಕಿ ಗೊತ್ತಿರುವುದು ನನಗೊಬ್ಬಳಿಗೆ.

ಕತ್ತಲಾದ ಮೇಲೆ ಮನೆಗೆ ಬಂದೆವು.
ಡಬರಿಯಲ್ಲಿ ಜೋಳದ ಹಿಟ್ಟಿದೆ.
ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅವನ ಹೆಸರು,
ತಿಕ್ಕಿ ತಿಕ್ಕಿ ಎರಡಕ್ಷರ ಉಳಿದಿದೆ.
ಹಿಟ್ಟು ತೆಗೆದೆ, ನೀರು ಕಲಿಸಿದೆ, ಹಂಚು ಇಟ್ಟೆ.
ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ.
"ನೀವು ಹಚ್ಚರಿ" ಎಂದೆ ಇವರಿಗೆ.
ಯಾಕೆಂದು ಕೇಳಲಿಲ್ಲ.